ಬೋಣಿಗೆ ಮುಂಚೆ

ತೆಂಗಿನಕಾಯಿ ಕೊಳ್ಳುವಾಗ ಬರೀ ತಟ್ಟಿ ನೋಡಿದರೆ ಸಾಲದು, ಕಿವಿಯ ಹತ್ತಿರ ಹಿಡಿದು ಕುಲುಕಬೇಕು. ನೀರು ಗಳಗಳ ಅಂದರೆ ಬಲಿತ ಕಾಯಿ. ಸದ್ದೇ ಬರದಿದ್ದರೆ ಒಂದೋ ಎಳಸು, ಇಲ್ಲವೇ ಒಳಗೆಲ್ಲ ಒಣಗಿದ್ದು. ಕಣ್ಣಿನ ಹತ್ತಿರ ತೇವ ಕಂಡರಂತೂ ಅಂಗಡಿಯವಳು ಎಷ್ಟೇ ಹೊಗಳಲಿ, ಮುಟ್ಟಬೇಡಿ. ಆ ಅಂಗಡಿಯವಳು ನಾನೇ ಆಗಿದ್ದರೂ ಸರಿ.

ಬಸವನಗುಡಿಯಲ್ಲಿ ಕಾಯಿ, ಬಾಳೆಎಲೆ ಮಾರುತ್ತಲೇ ನನ್ನ ಅರ್ಧಕ್ಕಿಂತ ಹೆಚ್ಚು ಆಯಸ್ಸು ಕಳೆದಿದೆ. ಮೊದಲು ತಲೆಯ ಮೇಲೆ ಬುಟ್ಟಿ, ಆಮೇಲೆ ಫುಟ್‌ಪಾತಿನಲ್ಲಿ ಗೋಣಿತಾಟು, ಆಮೇಲೆ ಷಟರ್ ಇರುವ ಅಂಗಡಿ. ಕಣ್ಣು ಮುಚ್ಚಿಕೊಂಡು ಕುಲುಕಿ ಒಳಗೆ ಎಷ್ಟು ನೀರಿದೆ ಎಂದು ಹೇಳಬಲ್ಲೆ. ಇಂಥ ನಾನು, ನಮ್ಮ ನಾಯಿಯ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿದ್ದಾಗ, ಅವನು ದಪ್ಪಗಾಗಿದ್ದಾನೆ ಎಂದುಕೊಂಡೆ. "ನೋಡ್ರೇ, ನಮ್ಮನೆ ಊಟ ಹೆಂಗೆ ಮೈಗೆ ಹತ್ತಿದೆ" ಎಂದು ಚಾಮರಾಜಪೇಟೆಯ ನಮ್ಮ ಬೀದಿಯವರಿಗೆಲ್ಲ ತೋರಿಸಿ ಬೀಗಿದೆ.

ಆ ನಾಯಿ ಮನೆಗೆ ಬಂದದ್ದೇ ಒಂದು ಚೌಕಾಸಿಯಿಂದ. ಮಗಳು ಆಗ ಕಾಲೇಜಿನಲ್ಲಿದ್ದಳು. ಬೀದಿಯ ಮೋರಿಯ ಹತ್ತಿರ ಮರಿ ಹಾಕಿದ್ದ ನಾಯಿಯನ್ನು ತೋರಿಸಿ, "ಎರಡು ತರ್ತೀನಿ ಅಮ್ಮ" ಅಂದಳು. ನಾನು ಕೂಗಾಡಿ ಒಂದಕ್ಕೆ ಇಳಿಸಿದೆ. ಅವಳಿಗೆ ಬೇಕಾಗಿದ್ದದ್ದೇ ಒಂದು ಎಂದು ತಿಳಿದದ್ದು ಆಮೇಲೆ. ನನ್ನ ವಿದ್ಯೆಯನ್ನು ನನ್ನ ಮೇಲೇ ತಿರುಗಿಸಿದ್ದಳು. ಮಕ್ಕಳು ಅವನಿಗೆ ಯಾವುದೋ ಇಂಗ್ಲಿಷ್ ಹೆಸರಿಟ್ಟರು. ನನ್ನ ನಾಲಿಗೆ ಹೊರಳಲಿಲ್ಲ. ಮರಿ ಅಂದೆ. ಹನ್ನೆರಡು ವರ್ಷವಾಗಿ ಮೂತಿ ಬೆಳ್ಳಗಾದ ಮೇಲೂ ಮರಿಯೇ. ನಾನು ಅಡುಗೆಗೆ ಕಾಯಿ ಒಡೆಯುವ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ತಟ್ಟೆಯ ಮುಂದೆ ಕೂರುತ್ತಿದ್ದ. ಕಾಯಿನೀರು ಅವನದು. ಆಮೇಲೆ ಬಂದು ಸೇರಿದ ಬೆಕ್ಕು ಕೂಡ ಆ ತಟ್ಟೆಗೆ ಬಾಯಿ ಹಾಕುತ್ತಿರಲಿಲ್ಲ.

ಈಗ ಬೋಣಿಯ ವಿಷಯ ಹೇಳಬೇಕು. ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುತ್ತೇವೆ. ಅದು ಚೆನ್ನಾಗಿ ಆದರೆ ದಿನ ಚೆನ್ನಾಗಿರುತ್ತದೆ ಎಂದು ನಂಬಿಕೆ. ಮಕ್ಕಳು ಚಿಕ್ಕವರಿದ್ದಾಗಲೇ ನಮ್ಮನೆಯವರು ತೀರಿಕೊಂಡರು. ಒಂದು ದಿನ ಕೆಟ್ಟರೆ ಮನೆಯಲ್ಲಿ ಒಲೆ ಹತ್ತದ ಕಾಲ ಅದು. ಅದಕ್ಕೇ ಮನೆಯಲ್ಲೊಂದು ಕಟ್ಟಳೆ ಮಾಡಿದ್ದೆ: ಬೋಣಿ ಆಗುವ ತನಕ ಯಾರೂ ನನ್ನ ಹತ್ತಿರ ಅಳುವ ಮಾತು, ಕಾಯಿಲೆಯ ಮಾತು, ಕೆಟ್ಟ ಸುದ್ದಿ ಆಡಕೂಡದು. ಜ್ವರ ಬಂದರೂ ಹತ್ತು ಗಂಟೆಯ ಮೇಲೆ ಹೇಳಿ. ಮಕ್ಕಳು ಕೇಳಿದರು. ಒಳ್ಳೆಯ ಮಕ್ಕಳು, ಅದೇ ತೊಂದರೆ. ಕಾಲ ಬದಲಾಯಿತು, ಒಲೆ ಹೋಗಿ ಗ್ಯಾಸ್ ಬಂತು, ಮಗನಿಗೆ ಮೂವತ್ಮೂರಾಯಿತು. ಕಟ್ಟಳೆ ಮಾತ್ರ ಹಾಗೇ ಉಳಿಯಿತು.

ಹೋದ ವರ್ಷ ಒಂದು ಮಂಗಳವಾರ. ಎಲೆಯ ಕಟ್ಟು ಬರುವುದು ತಡವಾಗುತ್ತದೆ ಎಂದು ಗೊತ್ತಾಗಿ, ಪಕ್ಕದ ಹೂವಿನವಳಿಗೆ ಅಂಗಡಿ ನೋಡಿಕೊಳ್ಳಲು ಹೇಳಿ, ಹನ್ನೊಂದಕ್ಕೇ ಮನೆಗೆ ಬಂದೆ. ಮಗ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಕಡೆ ಕೆಲಸ ಮಾಡುತ್ತಾನೆ. ಊರಿನವರಿಗೆಲ್ಲ ಮಾಡಿಕೊಡುತ್ತಾನೆ, ತನ್ನದೊಂದು ಬಿಟ್ಟು. ಆ ಹೊತ್ತಿಗೆ ಅಲ್ಲಿರಬೇಕಾದವನು ಹಜಾರದಲ್ಲಿ ನೆಲದ ಮೇಲೆ ಕೂತಿದ್ದ. ಮುಂದೆ ಮರಿ ನಿಂತಿದ್ದ. ಹೊಟ್ಟೆಯ ಬದಿಯಲ್ಲಿ ಅಂಗೈಯಗಲ ಕೂದಲು ಬೋಳಿಸಿ, ಅದರ ನಡುವೆ ಹತ್ತಿ ಅಂಟಿಸಿತ್ತು.

"ಏನೋ ಇದು?"

ಮಗ ಎದ್ದು ನಿಂತ. ಮೊದಲು ಕೇಳಿದ್ದೇನು ಗೊತ್ತೇ? "ಬೋಣಿ ಆಯ್ತಾಮ್ಮ?"

ಆಯಿತು ಅಂದ ಮೇಲೆ ಹೇಳಿದ. ಮರಿಯ ಹೃದಯ ಸೋತಿದೆಯಂತೆ. ಅದಕ್ಕೆ ಹೊಟ್ಟೆಯಲ್ಲಿ ನೀರು ನಿಲ್ಲುತ್ತದಂತೆ. ಮೂರು ವಾರದಿಂದ ಅಕ್ಕಪಕ್ಕ ಯಾರಿಗೂ ಗೊತ್ತಾಗದಂತೆ ಅಣ್ಣ ತಂಗಿ ಆಟೋದಲ್ಲಿ ಕರೆದುಕೊಂಡು ಹೋಗಿ ಸೂಜಿ ಹಾಕಿ ನೀರು ತೆಗೆಸುತ್ತಿದ್ದರಂತೆ. ಬೆಳಗ್ಗೆ ಬಾಳೆಹಣ್ಣಿನ ತುಂಡಿನೊಳಗೆ ಏನೋ ಅಡಗಿಸಿ ತಿನ್ನಿಸುತ್ತಿದ್ದುದನ್ನು ನಾನೂ ನೋಡಿದ್ದೆ. ಮುದ್ದು ಜಾಸ್ತಿಯಾಯಿತು ಎಂದು ಬೈದಿದ್ದೆ. ಅದು ಮಾತ್ರೆ. ಈಗ ಮಾತ್ರೆಯೂ ಒಳಗೆ ಹೋಗುತ್ತಿಲ್ಲ, ಭಾನುವಾರದಿಂದ ಊಟವನ್ನೂ ಮುಟ್ಟಿಲ್ಲ.

ಮಗಳು ಕೆಲಸದಿಂದ ರಜೆ ಹಾಕಿ ಬಂದಳು. ಇಬ್ಬರ ಮೇಲೂ ಹರಿಹಾಯ್ದೆ. "ನಾನೇನು ಸತ್ತಿದ್ನೇನೇ? ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

"ಯಾವಾಗ ಹೇಳ್ಲಮ್ಮ?" ಅಂದಳು. "ಬೆಳಗ್ಗೆ ಬಾಯಿ ತೆಗೆಯೋ ಹಾಗಿಲ್ಲ. ಸಂಜೆ ಬಂದ ತಕ್ಷಣ 'ಕಾಲು ಬಿದ್ದೋಗ್ತಿದೆ, ತಲೆ ತಿನ್ಬೇಡ' ಅಂತೀಯ."

"ಇಂಥದ್ದಕ್ಕೂ ಅದನ್ನೇ ಹಿಡ್ಕೊಂಡು ಕೂರ್ತಾರೇನೇ?"

ಅವಳು ಬಗ್ಗಿ ಮರಿಯ ಕಿವಿ ಸವರಿದಳು. ಆಮೇಲೆ ಹೇಳಿದಳು, ನನ್ನ ಕಡೆ ನೋಡದೆ. "ತ್ಯಾಗರಾಜನಗರದ ಮನೆ ಬಿಟ್ಟು ಬಂದ ದಿನ ನಾನು ಎಷ್ಟೊತ್ತಿಗೆ ಬಂದೆ ಅಂದ್ಕೊಂಡಿದೀಯ?"

ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆ ಬಿಟ್ಟು ಅವಳು ನನ್ನ ಅಂಗಡಿಗೇ ಬಂದಿದ್ದಳು. ನನಗೆ ನೆನಪಿದೆ. "ಹತ್ತೂವರೆ" ಅಂದೆ.

"ಏಳು ಗಂಟೆಗೆ ಬಂದಿದ್ದೆ ಅಮ್ಮ. ಎದುರುಗಡೆ ಕಾಂಡಿಮೆಂಟ್ಸ್ ಅಂಗಡಿ ಮರೆಯಲ್ಲಿ ಸೂಟ್‌ಕೇಸ್ ಇಟ್ಕೊಂಡು ನಿಂತಿದ್ದೆ. ಅವತ್ತು ನಿನಗೆ ಬೋಣಿ ತಡ ಆಯ್ತು."

ಮೂರೂವರೆ ಗಂಟೆ. ನಾನು ಈಚೆ ಕಡೆ ಕಾಯಿಯ ಜುಟ್ಟು ಬಿಡಿಸುತ್ತ, ಗಿರಾಕಿ ಬರಲಿಲ್ಲವಲ್ಲ ಎಂದು ದೇವರನ್ನು ಬೈಯುತ್ತ ಕೂತಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡೀರಿ, ಡಾಕ್ಟ್ರ ಹತ್ರ ನಾನು ಮಾತಾಡ್ತೀನಿ" ಅಂದೆ. ನನಗೆ ಬರುವುದು ಅದೊಂದೇ.

ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಮರಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ನನ್ನನ್ನು ಕೂರಿಸಿ, "ಅಮ್ಮ, ನೀರು ತೆಗೆದಷ್ಟೂ ಬೇಗ ಬೇಗ ತುಂಬ್ತಿದೆ. ಅವನಿಗೆ ಮಲಗೋಕೂ ಆಗ್ತಿಲ್ಲ, ಮಲಗಿದ್ರೆ ಉಸಿರು ಕಟ್ಟುತ್ತೆ. ಇನ್ನು ಇಂಜೆಕ್ಷನ್ ಕೊಟ್ಟು ಕಳಿಸಿಕೊಡೋದು ಒಳ್ಳೇದು. ಅದೂ ಇವತ್ತೇ" ಅಂದಳು.

"ಎಂಟು ದಿನ ಕೊಡಿ ಡಾಕ್ಟ್ರೇ. ನಾನು ತಿನ್ನಿಸ್ತೀನಿ. ನನ್ನ ಕೈಲಿ ತಿಂದೇ ತಿಂತಾನೆ."

"ಎಂಟು ದಿನ ಆಗಲ್ಲಮ್ಮ."

"ನಾಲ್ಕು."

"ಅಮ್ಮ..."

"ಶುಕ್ರವಾರ ಪೂಜೆ ಮಾಡ್ಬಿಡ್ತೀನಿ. ಆಯ್ತು, ಶುಕ್ರವಾರ ಬೇಡ. ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ, ಗುರುವಾರ ಸಂಜೆ. ಅಷ್ಟರಲ್ಲಿ ಬಾಯಾರೆ ಏನಾದ್ರೂ ತಿಂದ್ರೆ ಈ ಮಾತು ಇಲ್ಲಿಗೇ ಬಿಡ್ಬೇಕು."

ಅವಳು ನನ್ನನ್ನು ನೋಡಿದಳು, ಮಕ್ಕಳನ್ನು ನೋಡಿದಳು. "ಸರಿ, ಗುರುವಾರ ಸಂಜೆ" ಅಂದಳು.

ಆಟೋದಲ್ಲಿ ಬರುವಾಗ ನನಗೆ ಒಳಗೊಳಗೇ ಗೆದ್ದ ಹಾಗಿತ್ತು. "ನೋಡಿದ್ರಾ? ಇವತ್ತೇ ಅಂದವಳನ್ನ ನಾಡಿದ್ದಿಗೆ ತಂದೆ."

ಮಗ ಮರಿಯ ಕತ್ತನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. "ಅಮ್ಮಾ, ಅವರು ನಿನ್ನ ಮುಖ ನೋಡಿ ಬಿಟ್ಕೊಟ್ರು ಅಷ್ಟೇ" ಅಂದ.

ಬುಧವಾರ ನಾನು ಅಂಗಡಿಗೆ ಹೋಗಲಿಲ್ಲ. ಕೋಳಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದೆ. ಮೊಸರನ್ನ ಕಲಸಿದೆ. ಬೆಲ್ಲ ನೆಕ್ಕಿಸಲು ನೋಡಿದೆ. ಮೂತಿಯ ಹತ್ತಿರ ಕೈ ಹಿಡಿದು, "ಒಂದು ತುತ್ತು ಕಣೋ, ನನ್ನ ಮರ್ಯಾದೆ ಉಳಿಸೋ, ಅರ್ಧ ತುತ್ತು, ಹೋಗ್ಲಿ ಬರೀ ನಾಲಿಗೆ ಹಾಕು" ಎಂದು ಬೇಡಿಕೊಂಡೆ. ನಾಯಿಯ ಹತ್ತಿರವೂ ಇಳಿಸುತ್ತಲೇ ಹೋದೆ. ಅವನು ಪ್ರತಿ ಸಲವೂ ಮುಖವನ್ನು ಮೆಲ್ಲಗೆ ಆಚೆ ತಿರುಗಿಸುತ್ತಿದ್ದ, ನನಗೆ ನೋವಾಗದ ಹಾಗೆ.

ಕೊನೆಗೆ ಒಳ್ಳೆಯ ಕಾಯೊಂದನ್ನು ಆರಿಸಿ ಅವನಿಗೆ ಕೇಳುವಂತೆ ಒಡೆದೆ. ಕಿವಿ ನಿಮಿರಿತು. ಬಾಲ ಒಂದು ಸಲ ಅಲುಗಿತು. ಹೆಜ್ಜೆ ಹಾಕಲು ನೋಡಿದ. ಮುಂಗಾಲು ಎರಡೂ ಅಗಲಕ್ಕೆ ಜಾರಿದವು, ಹೊಟ್ಟೆ ನೆಲಕ್ಕೆ ತಾಗಿತು, ಉಸಿರು ಸಿಕ್ಕಿಕೊಂಡಿತು. ಮಗಳು ಓಡಿ ಬಂದು ಎತ್ತಿ ನಿಲ್ಲಿಸಿದಳು. ಕಾಯಿನೀರಿನ ತಟ್ಟೆ ಸಂಜೆಯವರೆಗೂ ಅಲ್ಲೇ ಇತ್ತು. ಬೆಕ್ಕು ಬಂದು ಮೂಸಿತು, ಬಾಯಿ ಹಾಕಲಿಲ್ಲ.

ಅವನು ನಿಂತೇ ಇದ್ದ. ಬೆಳಗ್ಗೆಯಿಂದ ಕತ್ತಲಾಗುವವರೆಗೆ. ಕಣ್ಣು ಮುಚ್ಚಿಕೊಳ್ಳುತ್ತಿತ್ತು, ತಲೆ ತೂಗಿ ತೂಗಿ ಕೆಳಗೆ ಬರುತ್ತಿತ್ತು, ನೆಲಕ್ಕೆ ತಾಗುವಷ್ಟರಲ್ಲಿ ಬೆಚ್ಚಿ ಮತ್ತೆ ಮೇಲೆತ್ತುತ್ತಿದ್ದ. ನಮ್ಮ ಮಾರ್ಕೆಟ್ಟಿನಲ್ಲಿ ಹೊರೆ ಹೊತ್ತು, ಇಳಿಸುವ ಜಾಗ ಸಿಗದೆ ನಿಂತವರನ್ನು ನೋಡಿದ್ದೇನೆ. ಹಾಗೆ ನಿಂತಿದ್ದ.

ಗುರುವಾರ ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ಪಕ್ಕದ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಮಗ, ಮಗಳು ಇಬ್ಬರೂ ಎದ್ದಿದ್ದರು. ಅವರ ಕಣ್ಣು ನೋಡಿದರೆ ಮಲಗಿದ ಹಾಗಿರಲಿಲ್ಲ. ನಾನು ಸ್ನಾನ ಮಾಡಿ, ದೀಪ ಹಚ್ಚಿ, ಅಂಗಡಿಯ ಬೀಗದಕೈ ತೆಗೆದುಕೊಂಡೆ. ಸಂಜೆಯವರೆಗೆ ಸಮಯವಿದೆಯಲ್ಲ, ಬೇಗ ಬೋಣಿ ಮಾಡಿಕೊಂಡು ಬರೋಣ, ದಿನ ತಿರುಗಿದರೂ ತಿರುಗೀತು ಎಂಬ ಆಸೆ. ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು, ತುಟಿ ಬಿಗಿ ಹಿಡಿದು. ಚಿಕ್ಕವರಿದ್ದಾಗ ಹೊಟ್ಟೆನೋವು ಬಂದರೂ ಹೀಗೇ ನಿಂತಿರುತ್ತಿದ್ದರು, ನಾನು ಮನೆಯಿಂದಾಚೆ ಹೋಗುವ ತನಕ.

"ಹೇಳ್ರೋ" ಅಂದೆ.

ಮಗ ಗಡಿಯಾರ ನೋಡಿದ. "ಅಮ್ಮ, ಇನ್ನೂ ಬೋಣಿ..."

"ಬೋಣಿ ಮನೆ ಹಾಳಾಗ್ಲಿ. ಹೇಳು ಅಂದ್ನಲ್ಲ."

ಮಗಳೇ ಹೇಳಿದಳು. "ಸಾಕು ಅಮ್ಮ. ಈ ಎರಡು ದಿನ ಅವನಿಗೆ ಬೇಕಾಗಿರ್ಲಿಲ್ಲ. ನಿನಗೆ ಬೇಕಾಗಿತ್ತು."

ನಾನು ಜೀವಮಾನದಲ್ಲಿ ಗಿಟ್ಟಿಸಿಕೊಂಡದ್ದನ್ನು ವಾಪಸ್ ಕೊಟ್ಟವಳಲ್ಲ. ಅವತ್ತು ಕೈಯಲ್ಲಿ ಬೀಗದಕೈ ಹಿಡಿದುಕೊಂಡೇ ಡಾಕ್ಟರಿಗೆ ಫೋನ್ ಮಾಡಿದೆ. "ಸಂಜೆ ಅಂತ ಮಾತಾಗಿತ್ತಲ್ಲ ಡಾಕ್ಟ್ರೇ, ಅಷ್ಟೊತ್ತು ಬೇಡಮ್ಮ. ಈಗ್ಲೇ ಮನೆಗೆ ಬರ್ತೀರಾ?" ಅಂದೆ. ಆ ಹುಡುಗಿ ಏನೂ ಕೇಳಲಿಲ್ಲ. ಬರ್ತೀನಿ ಅಂದಳು.

ಅವಳು ಬರುವವರೆಗೆ ನಾನು ಮರಿಯ ಪಕ್ಕ ನೆಲದ ಮೇಲೆ ಕೂತು ಅವನ ಪಕ್ಕೆಗೆ ಕಿವಿಯಿಟ್ಟೆ. ಅವನು ಉಸಿರು ಎಳೆದಾಗಲೆಲ್ಲ ಮೈ ತೂಗಿ ಒಳಗೆ ನೀರು ಅಲುಗುತ್ತಿತ್ತು. ಅಷ್ಟು ಸ್ಪಷ್ಟವಾದ ಸದ್ದು. ಯಾವತ್ತಾದರೂ ಒಂದು ದಿನ ಹೀಗೆ ಕಿವಿಯಿಟ್ಟಿದ್ದರೆ ಸಾಕಿತ್ತು. ನಿಮ್ಮ ಮನೆಯಲ್ಲಿ ನಾಯಿಯಿದ್ದರೆ ವಾರಕ್ಕೊಮ್ಮೆ ಹೊಟ್ಟೆ ಸವರಿ ನೋಡಿ. ಬೆನ್ನೆಲುಬು ಕೈಗೆ ಸಿಗುತ್ತ ಹೊಟ್ಟೆ ಮಾತ್ರ ದುಂಡಗಿದ್ದರೆ ಅದು ಊಟ ಮೈಗೆ ಹತ್ತಿದ್ದಲ್ಲ. ನೀರಿರಬಹುದು, ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಬೆಳೆದ ಮಕ್ಕಳಿದ್ದರೆ ಬೆಳಗ್ಗೆ ಹೊರಡುವ ಮುಂಚೆ ಅವರ ಮುಖ ಒಂದು ಸಲ ನೋಡಿ, ಏನಪ್ಪ ಅನ್ನಿ. ಯಾವ ಗಿರಾಕಿಯೂ ಅದಕ್ಕೆ ಓಡಿಹೋಗುವುದಿಲ್ಲ.

ಡಾಕ್ಟರು ಬಂದಳು. ಮಗ ತಲೆ ಹಿಡಿದುಕೊಂಡ, ಮಗಳು ಬೆನ್ನು ಹಿಡಿದುಕೊಂಡಳು. ಸೂಜಿ ಹೋದ ಮೇಲೆ ಮರಿಯ ಮುಂಗಾಲು ಮಡಚಿತು, ಆಮೇಲೆ ಹಿಂಗಾಲು. ಬೆಚ್ಚಿ ಏಳಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ಅವನು ಮಲಗಿದ, ನನ್ನ ತೊಡೆಯ ಮೇಲೆ ಗದ್ದ ಇಟ್ಟು.

ಫೋನ್ ಹೊಡೆದುಕೊಳ್ಳುತ್ತಿತ್ತು. ಯಾರೋ ಗಿರಾಕಿ ಇರಬೇಕು, ಅಂಗಡಿ ಯಾಕೆ ತೆಗೆದಿಲ್ಲ ಎಂದು ಕೇಳಲು. ಮಗಳು ಅದನ್ನು ಎತ್ತಿ ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿ, ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. "ಆ ಸೂಟ್‌ಕೇಸ್ ದಿನದ್ದು ಹೇಳೇ" ಅಂದೆ. "ಏಳು ಗಂಟೆಯಿಂದ ಹೇಳು."