ಟ್ರಂಕಿನಲ್ಲಿಟ್ಟ ಚಾಳೀಸು

ನಾನು ಕೆಲಸ ಮಾಡುವ ವಿಭಾಗಕ್ಕೆ ನಮ್ಮ ಕಂಪನಿಯವರು ‘ಗ್ರಾಹಕ ಒಳನೋಟ ತಂಡ’ ಎಂದು ಹೆಸರಿಟ್ಟಿದ್ದಾರೆ. ಹಳ್ಳಿಗಳಲ್ಲಿ ಕಡಿಮೆ ದರದ ಕನ್ನಡಕ ಮಾರುವ ಸಣ್ಣ ಕಂಪನಿ ನಮ್ಮದು. ತಂಡದಲ್ಲಿರುವುದು ಮೂರೇ ಜನ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ನನ್ನ ಪಾಲಿಗೆ ಬಂದಿವೆ. ಕೊಂಡವರ ಮನೆಗೆ ಹೋಗಿ, ವಸ್ತು ಹೇಗಿದೆ ಎಂದು ಕೇಳಿ, ಮೊಬೈಲಿನಲ್ಲಿ ಗುರುತು ಹಾಕಿಕೊಂಡು ಬರುವುದು ಕೆಲಸ. ಬೆಳಿಗ್ಗೆ ಶಿಗ್ಗಾಂವಿಯ ಮನೆಯಿಂದ ಸ್ಕೂಟಿ ಹೊರಡಿಸುವಾಗ ನನ್ನ ಗಂಡ, “ಇವತ್ತ ಯಾರ ಮನ್ಯಾಗ ಹಣಕಿ ಹಾಕಾಕ ಹೊಂಟಿ?” ಎಂದು ಕೇಳುತ್ತಾನೆ. ಒಳನೋಟ ಎಂಬ ಮಾತಿಗೆ ಅವನು ಕಂಡುಕೊಂಡ ಅರ್ಥ ಅದು.

ನಮಗಿದ್ದ ತೊಡಕು ವಿಚಿತ್ರವಾದದ್ದು. ಯಾರನ್ನು ಕೇಳಿದರೂ “ಚಲೋ ಐತ್ರಿ” ಎನ್ನುತ್ತಿದ್ದರು. ಆದರೆ ಅವರ ಪಕ್ಕದ ಮನೆಯವರು ಕೊಳ್ಳಲು ಬರುತ್ತಿರಲಿಲ್ಲ. ಅಷ್ಟು ಚಲೋ ಇರುವ ವಸ್ತು ಓಣಿಯಲ್ಲಿ ಯಾಕೆ ಸುದ್ದಿಯಾಗುತ್ತಿಲ್ಲ ಎಂದು ಸಾಹೇಬರು ತಲೆ ಕೆಡಿಸಿಕೊಂಡಿದ್ದರು. ಕೊನೆಗೆ, ಇನ್ನೂ ಹೆಚ್ಚು ಜನರನ್ನು ಕೇಳಿಕೊಂಡು ಬನ್ನಿ ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಹೆಚ್ಚ ಮಂದಿಗೆ ಕೇಳಿದ್ರ ಹೆಚ್ಚ ‘ಚಲೋ’ ಸಿಗ್ತಾವ್ರಿ, ಮತ್ತೇನೂ ಸಿಗೂದಿಲ್ಲ” ಎಂದುಬಿಟ್ಟೆ.

ನಮ್ಮ ಕಡೆಯವರ ರೀತಿ ನನಗೆ ಗೊತ್ತಿಲ್ಲವೇ? ಮನೆಗೆ ಬಂದವರ ಎದುರಿಗೆ ಅವರ ಸಾಮಾನನ್ನು ಯಾರೂ ಹಳಿಯುವುದಿಲ್ಲ. ಕೂಡಿಸಿ, ಚಹಾ ಕೊಟ್ಟು, ಚಲೋ ಐತಿ ಎಂದು ಹೇಳಿ ಕಳಿಸುತ್ತಾರೆ. ನಾದಿನಿ ತಂದ ಸೀರೆಯ ಬಣ್ಣ ಕಂಡು ಎದೆ ಝಲ್ಲೆಂದರೂ “ಭಾಳ ಚಲೋ ಐತಿ” ಎಂದವಳು ನಾನು. ಸಾಲದ್ದಕ್ಕೆ ನಮ್ಮ ಪ್ರಶ್ನೆಗಳಲ್ಲಿ ‘ಕನ್ನಡಕ’ ಎಂದಿತ್ತು. ಇಲ್ಲಿ ಅದನ್ನು ಎಲ್ಲರೂ ಚಾಳೀಸು ಎನ್ನುತ್ತಾರೆ. ಆ ಒಂದು ಪದ ಕೇಳಿದೊಡನೆ ಜನ ಸೆಟೆದು ಕುಳಿತು, ಶಾಲೆಯಲ್ಲಿ ಉತ್ತರ ಒಪ್ಪಿಸುವವರ ಹಾಗೆ ಮಾತಾಡುತ್ತಿದ್ದರು.

ಹಂಸಭಾವಿಯಲ್ಲಿ ನಮ್ಮಿಂದ ಚಾಳೀಸು ಕೊಂಡಿದ್ದ ಒಬ್ಬ ಅಜ್ಜಿಯ ಮನೆಗೆ ಹೋದ ದಿನ ಆ ಪ್ರಶ್ನೆಗಳನ್ನು ಬದಿಗಿಟ್ಟೆ. ಅಜ್ಜಿ ಸುತ್ತಮುತ್ತ ಹೆಸರಾದ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ದಾರ ಓಡಿಸಿ ಆಕೆ ಮಾಡಿದ ಕೌದಿಗಳು ಎಷ್ಟೋ ಮನೆಗಳಲ್ಲಿದ್ದವು. ಹಿಂದಿನ ಸಲ ಕನ್ನಡಕ ಹೇಗಿದೆ ಎಂದು ಕೇಳಿದ್ದಕ್ಕೆ “ಚಲೋ ಐತವಾ” ಎಂದಿದ್ದಳು. ಈ ಸಲ, “ಚಾಳೀಸು ಎಲ್ಲೈತ್ರಿ, ತಂದು ತೋರಸ್ರಿ” ಎಂದೆ.

ಅಜ್ಜಿ ಎದ್ದು ಒಳಗೆ ಹೋಗಿ ಟ್ರಂಕಿನಿಂದ ತೆಗೆದು ತಂದಳು. ನಾವು ಕೊಟ್ಟ ಬಟ್ಟೆಯಲ್ಲೇ ಸುತ್ತಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ನನ್ನ ಸಿಟ್ಟು ಸುಮ್ಮನಿರಲಿಲ್ಲ.

“ಹಾಕ್ಕೊಳ್ಳೂದ ಇಲ್ಲಂದ್ರ ಚಲೋ ಐತಿ ಅಂತ ಯಾಕ ಹೇಳಿದ್ರಿ?”

ಅಜ್ಜಿ ನೆಲ ನೋಡುತ್ತ ಹೇಳಿದಳು, “ಚಲೋ ಐತಿ ಅಂತನ ಹಾಕ್ಕೊಳ್ಳೂದು ಬಿಟ್ಟೇನಿ, ತಂಗಿ.”

ನನಗೆ ತಿಳಿಯಲಿಲ್ಲ. ಆಕೆ ಮೂಲೆಯಲ್ಲಿದ್ದ ಒಂದು ಕೌದಿಯನ್ನು ತಂದು ನನ್ನ ಮುಂದೆ ಹಾಸಿದಳು. ಚಾಳೀಸು ಹಾಕಿಕೊಂಡ ದಿನ ಮೊದಲು ನೋಡಿದ್ದು ಇದನ್ನೇ ಅಂತೆ. ಸಾಲುಗಳು ಒಂದರ ಮೇಲೊಂದು ಹತ್ತಿದ್ದವು, ಕೆಲವು ನಡುವೆಯೇ ದಾರಿ ತಪ್ಪಿದ್ದವು. ತುಂಡುಗಳ ಅಂಚು ಎಷ್ಟೋ ಕಡೆ ಹೊಲಿಗೆಗೆ ಸಿಕ್ಕಿರಲೇ ಇಲ್ಲ. ಇಷ್ಟು ವರ್ಷ ತನ್ನ ಕೈ ಇಂಥದ್ದನ್ನು ಮಾಡಿ ಮಕ್ಕಳಿಗೆ, ಬೀಗರಿಗೆ ಕೊಟ್ಟಿದೆ ಎಂಬುದು ಆಕೆಗೆ ಆಗ ಕಂಡಿತ್ತು. ಎಲ್ಲರೂ ಚಲೋ ಐತಿ ಎಂದು ಹೊಗಳಿದ್ದರು. ಚಾಳೀಸು ತೆಗೆದು ಟ್ರಂಕಿಗೆ ಹಾಕಿ, ಸೂಜಿಯನ್ನೂ ಬಿಟ್ಟಿದ್ದಳು.

“ಹತ್ತಿಮತ್ತೂರಾಗ ಮಮ್ಮಗಳ ಚೊಚ್ಚಲ ಹೆರಿಗಿ ಐತಿ. ತೊಟ್ಟಿಲಿಗೆ ನನ್ನ ಕೌದಿನ ಬೇಕಂತ. ಈ ಕೈಲೆ ಹೆಂಗ ಹೊಲೀಲಿ?” ಎಂದಳು.

‘ಇಲ್ಲ, ಚಲೋ ಐತಿ’ ಎಂದು ನಾನೂ ಹೇಳಿಬಿಡುವವಳಿದ್ದೆ.

ಕಚೇರಿಯಲ್ಲಿ ಸಾಹೇಬರಿಗೆ ಇದನ್ನು ಹೇಳಿದೆ. ಅವತ್ತಿನಿಂದ ನಮ್ಮ ರೀತಿ ಬದಲಾಯಿತು. ಹೇಗಿದೆ ಎಂದು ಕೇಳುವುದನ್ನು ಬಿಟ್ಟು, ತಂದು ತೋರಿಸಿ ಎನ್ನತೊಡಗಿದೆವು. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತೆವು. ಹಾನಗಲ್ಲಿನ ಒಬ್ಬಾಕೆ ಅಕ್ಕಿ ಆರಿಸಲು ಬಗ್ಗಿದರೆ ಚಾಳೀಸು ಮೊರಕ್ಕೇ ಬೀಳುತ್ತಿತ್ತು. ಹುಲಗೂರಿನ ಇನ್ನೊಬ್ಬಾಕೆಗೆ ಅದರ ಕಡ್ಡಿ ಕಿವಿಯ ಮೇಲಿನ ಬುಗುಡಿಗೆ ಒತ್ತುತ್ತಿತ್ತು. ಇವೆಲ್ಲ ಸರಿ ಮಾಡಬಹುದಾದ ಸಂಗತಿಗಳು, ಕಂಪನಿ ಮಾಡಿತು ಕೂಡ. ಆದರೆ ಹಂಸಭಾವಿಯ ಅಜ್ಜಿಯ ವಿಷಯ ಬಂದಾಗ ಸಾಹೇಬರು, “ಇದರಾಗ ನಮ್ಮ ಮಾಲಿಂದೇನೂ ತಪ್ಪಿಲ್ಲಲ್ಲ” ಎಂದರು. ತಪ್ಪಿರಲಿಲ್ಲ, ನಿಜ. ಅದಕ್ಕೇ ನನಗೆ ನಿದ್ದೆ ಹತ್ತಲಿಲ್ಲ.

ಒಂದು ರವಿವಾರ ಕೆಲಸದ ನೆಪವಿಲ್ಲದೆ ಅಜ್ಜಿಯನ್ನು ನೋಡಲು ಹೋದೆ. ಹತ್ತಿಮತ್ತೂರಿನಿಂದ ಆಕೆಯ ಮಗಳು ಬಂದಿದ್ದಳು. ಬಸುರಿಯ ತಾಯಿ ಈಕೆ. ಕೌದಿ ಒಯ್ಯಲು ಬಂದವಳಿಗೆ ಅಜ್ಜಿ, “ಅಂಗಡ್ಯಾಗ ತಗೋ, ಮೆತ್ತಗಿರ್ತಾವು” ಎನ್ನುತ್ತಿದ್ದಳು. ಮಗಳ ಮುಖ ಬಾಡಿತ್ತು. ನನ್ನನ್ನು ಕಂಡದ್ದೇ ಅಜ್ಜಿಗೆ ಏನನ್ನಿಸಿತೋ, ಎದ್ದು ಹೋಗಿ ಚಾಳೀಸು ಹಾಕಿಕೊಂಡು ಬಂದು ಮಗಳ ಎದುರಿಗೆ ಕೂತಳು.

“ನಿನಗ ಕೊಟ್ಟ ಕೌದ್ಯಾಗ ಹೊಲಿಗಿ ಹೆಂಗ ಅದಾವು? ಖರೆ ಹೇಳು.”

“ಚಲೋ ಅದಾವವ್ವ,” ಎಂದಳು ಮಗಳು ಥಟ್ಟನೆ.

ಅಜ್ಜಿ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಮಗಳು ಸೆರಗಿನ ತುದಿ ತಿರುವಿದಳು. ಆಮೇಲೆ ಸಣ್ಣ ದನಿಯಲ್ಲಿ, “ಗೊತ್ತಿತ್ತವ್ವ. ನಿನಗ ಬ್ಯಾಸರ ಆಗ್ತೈತಿ ಅಂತ ಹೇಳಲಿಲ್ಲ. ನಿನ್ನ ಕೈಯಾಂದು, ನಮಗ ಹೆಂಗಿದ್ರೂ ಸೈ” ಎಂದಳು.

ಅಜ್ಜಿ ಅಳುತ್ತಾಳೆ ಎಂದುಕೊಂಡಿದ್ದೆ. ಆಕೆಗೆ ಸಿಟ್ಟು ಬಂತು.

“ಅವತ್ತ ಹೇಳಿದ್ರ ಅವತ್ತ ಚಾಳೀಸು ತರಸ್ತಿದ್ನಿ. ಎಲ್ಲಾರೂ ಕೂಡಿ ಇಷ್ಟ ವರ್ಷ ನನಗ ಡೊಂಕ ಹೊಲಿಯಾಕ ಬಿಟ್ರಿ.”

ನನಗೆ ಆ ಇಬ್ಬರ ಮೇಲೂ ಮಮತೆ ಉಕ್ಕಿ ಬಂದು, ಎಲ್ಲಿ ನೋಡಬೇಕೆಂದು ತಿಳಿಯದೆ ಕೂತಿದ್ದೆ. ಪ್ರೀತಿಯಿಂದ ಹೇಳಿದ ಒಂದು ಮಾತು ಅವ್ವನ ಕೈಯಿಂದ ಏನೆಲ್ಲ ಕಸಿದಿತ್ತು ಎಂಬುದು ಮಗಳಿಗೂ ಆಗಲೇ ಹೊಳೆದಿರಬೇಕು. ಆಕೆ ಎದ್ದು ಹೋಗಿ, ತನ್ನ ಬಸುರಿ ಮಗಳು ಚಿಕ್ಕಂದಿನಲ್ಲಿ ಉಡುತ್ತಿದ್ದ ಪರಕಾರದ ತುಂಡುಗಳನ್ನು ಚೀಲದಿಂದ ತೆಗೆದು ಅವ್ವನ ತೊಡೆಯ ಮೇಲಿಟ್ಟಳು, ಸೂಜಿ ದಾರವನ್ನೂ ತಂದಳು. ಅಜ್ಜಿ ಗೊಣಗುತ್ತಲೇ ದಾರ ಪೋಣಿಸಿದಳು. ಮೊದಲ ಸಲಕ್ಕೇ ಹೋಯಿತು.

ಚಹಾ ಆಗುವಷ್ಟರಲ್ಲಿ ನಾಲ್ಕು ಬೆರಳಿನಷ್ಟು ಹೊಲಿದು, ಏನೂ ಹೇಳದೆ ಮಗಳ ಕಡೆ ಚಾಚಿದಳು. ಮಗಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಎರಡನೇ ಸಾಲು ಡೊಂಕ ಬಂದೈತವ್ವ.”

“ಹೌದನು? ತಾ ಇಲ್ಲೆ,” ಎಂದು ಅಜ್ಜಿ ಬಟ್ಟೆ ಇಸಿದುಕೊಂಡು, ನಗುತ್ತ ದಾರ ಬಿಚ್ಚತೊಡಗಿದಳು.