ವಿಮಾನ ಕೊಳ್ಳಲು ಹೋದ ಹಲ್ಲಿನ ಡಾಕ್ಟರು

ಇಪ್ಪತ್ತಾರು ವರ್ಷ ಊರವರ ಬಾಯಿ ತೆರೆಸಿ ಹುಳುಕು ಹುಡುಕಿದವಳು ನಾನು. ಎಕ್ಸ್-ರೇ ನೋಡದೆ ಒಂದು ಹಲ್ಲಿಗೂ ಕೈ ಹಾಕಿದವಳಲ್ಲ. ಐವತ್ತರ ಹತ್ತಿರ ವಿಮಾನ ಹಾರಿಸಲು ಕಲಿತು, ಎರಡು ಸೀಟಿನ ಹಳೆಯ ವಿಮಾನವೊಂದು ಮಾರಾಟಕ್ಕಿದೆಯೆಂದು ನೋಡಲು ಹೋದಾಗ ಮಾತ್ರ ಆ ಬುದ್ಧಿಯೆಲ್ಲ ಕ್ಲಿನಿಕ್ಕಿನಲ್ಲೇ ಉಳಿದುಬಿಟ್ಟಿತು. ಬಿಳಿ ಮೈ, ರೆಕ್ಕೆಗೆ ಕೆಂಪು ಪಟ್ಟಿ. ನೋಡಿದ್ದೇ ತಡ, ಮನಸ್ಸಿನಲ್ಲಿ ಕೊಂಡಾಗಿತ್ತು.

ಮಾರುವವರು ಒಬ್ಬ ಔಷಧಿ ಅಂಗಡಿಯವರು. ವಾರಕ್ಕೊಮ್ಮೆ ಮಗಳನ್ನು ಕೂರಿಸಿಕೊಂಡು ಹಾರುತ್ತಿದ್ದರಂತೆ. “ಒಂದು ಗೀರೂ ಬಿದ್ದಿಲ್ಲ ಡಾಕ್ಟ್ರೇ,” ಎಂದು ಲಾಗ್‌ಬುಕ್ಕುಗಳನ್ನು ಕೈಗಿಟ್ಟರು. ವಿಮಾನದ ಪೂರ್ವಾಪರವೆಲ್ಲ ಅವುಗಳಲ್ಲಿರುತ್ತದೆ. ಎಂಜಿನ್ನಿಗೊಂದು ಪುಸ್ತಕ, ಒಡಲಿಗೊಂದು. ಒಂದನ್ನು ಸೋಮವಾರ ಓದಿದೆ, ಇನ್ನೊಂದನ್ನು ಮಂಗಳವಾರ. ಬಣ್ಣಬಣ್ಣದ ಚೀಟಿ ಅಂಟಿಸಿ, ನಾಲ್ಕು ಪುಟ ಟಿಪ್ಪಣಿ ಬರೆದು, ಎಲ್ಲ ಸರಿಯಾಗಿದೆಯೆಂದು ಗಂಡನೆದುರು ತೀರ್ಪು ಕೊಟ್ಟೆ.

“ನಿಂಗೆ ಸರಿ ಕಂಡ್ರೆ ಸಾಕಾ? ಗೊತ್ತಿರೋರಿಗೆ ಒಂದ್ಸಲ ತೋರ್ಸು,” ಎಂದರು ಅವರು.

ಮುನಿಸಿಕೊಂಡೇ ಹೋದೆ. ವಿಮಾನದ ಶೆಡ್ಡಿನಲ್ಲಿದ್ದ ಮೆಕ್ಯಾನಿಕ್ ಹೆಂಗಸು ಕೈಯ ಗ್ರೀಸ್ ಒರೆಸಿಕೊಂಡು, ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಟ್ಟಳು. ಐದು ನಿಮಿಷ ಹಿಡಿಯಲಿಲ್ಲ.

“ಅಕ್ಕ, ಇದ್ರಲ್ಲಿ ಹೊಸ ಪ್ರೊಪೆಲ್ಲರ್. ಅದ್ರಲ್ಲಿ ಮುಂದಿನ ಚಕ್ರ ಹೊಸದು. ಎರಡಕ್ಕೂ ತಾರೀಖು ಒಂದೇ. ಮೂಗು ನೆಲಕ್ಕೆ ಬಡಿದಿರ್ಬೇಕು. ಹಾಗೆ ಬಡಿದ್ರೆ ಎಂಜಿನ್ ಒಳಗೂ ಪೆಟ್ಟಾಗಿರುತ್ತೆ, ಬಿಚ್ಚಿ ನೋಡ್ಲೇಬೇಕು. ನೋಡಿದ್ದು ಎಲ್ಲೂ ಬರೆದಿಲ್ಲ.”

ಎರಡೂ ಸಾಲಿಗೆ ನಾನೇ ಹಸಿರು ಚೀಟಿ ಅಂಟಿಸಿದ್ದೆ. ಮೇಲೆ ‘ಹೊಸ ಭಾಗ, ಒಳ್ಳೆಯದು’ ಎಂಬ ಷರಾ ಬೇರೆ.

ಆ ತಾರೀಖಿನಲ್ಲಿ ವಿಮಾನದ ಮಾಲೀಕರಾಗಿದ್ದವರ ವಿವರ ಹುಡುಕಿ ಫೋನ್ ಮಾಡಿದೆ. ನಿವೃತ್ತ ಮೇಷ್ಟ್ರು. “ಹೌದಮ್ಮಾ, ಇಳಿಸೋವಾಗ ಮುಗ್ಗರಿಸ್ತು. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ,” ಎಂದರು.

ಔಷಧಿ ಅಂಗಡಿಯವರನ್ನು ತರಾಟೆಗೆ ತೆಗೆದುಕೊಳ್ಳಲು ಮಾತು ಹೊಂದಿಸಿಕೊಂಡು ಹೋದೆ. ವಿಷಯ ಕೇಳಿ ಅವರು ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕುಸಿದರು. “ಹೋದ ಭಾನುವಾರಾನೂ ಮಗಳನ್ನ ಕರ್ಕೊಂಡು ಹೋಗಿದ್ದೆ,” ಎಂದರು, ಅಷ್ಟೇ. ನನ್ನಂತೆಯೇ ಅವರೂ ಬಣ್ಣ ನೋಡಿ ಕೊಂಡವರು. ಬೈಯುವುದು ಬಿಟ್ಟು ಮೆಕ್ಯಾನಿಕ್ಕಿನ ನಂಬರ್ ಬರೆದುಕೊಟ್ಟೆ.

ಎಂಜಿನ್ ಬಿಚ್ಚಿಸಿದರು. ಪ್ರೊಪೆಲ್ಲರ್ ತಿರುಗಿಸುವ ದಂಡದಲ್ಲಿ ಕೂದಲೆಳೆಯಷ್ಟು ಬಿರುಕು.

ಆಮೇಲೆ ಕೆಲವು ವಾರ, ಕುರ್ಚಿಯಲ್ಲಿ ಕೂತವರ ಬಾಯಿಗೆ ಹತ್ತಿ ತುರುಕಿ, ‘ನಾನು ಪತ್ತೆ ಹಚ್ಚಿದ’ ಬಿರುಕಿನ ಕಥೆ ಕೊರೆದೆ. ಒಂದು ದಿನ ಮೆಕ್ಯಾನಿಕ್ಕೇ ಹಲ್ಲುನೋವೆಂದು ಬಂದವಳು ಹೊರಗಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿಸಿಕೊಂಡಳು.

“ಚೆನ್ನಾಗಿ ಹೇಳ್ತೀರಕ್ಕ,” ಎಂದಳು.

ಆ ಹಲ್ಲನ್ನು ತಲೆ ಎತ್ತದೆ ತುಂಬಿಸಿದೆ.

ವಿಮಾನಕ್ಕೆ ಹೊಸ ಎಂಜಿನ್ ಬಂತು. “ಈಗ ಧೈರ್ಯ ಬಂದಿದೆ ಡಾಕ್ಟ್ರೇ, ಮಾರೋ ಮನಸ್ಸಿಲ್ಲ,” ಎಂದುಬಿಟ್ಟರು ಔಷಧಿ ಅಂಗಡಿಯವರು. ಇಷ್ಟೆಲ್ಲ ಓಡಾಡಿ ಒಂದು ಒಳ್ಳೆಯ ವಿಮಾನವನ್ನು ಕೈಯಾರೆ ತಪ್ಪಿಸಿಕೊಂಡವಳು ನಾನೊಬ್ಬಳೇ ಇರಬೇಕು. ಅವರ ಮಗಳಿಗೆ ಪರೀಕ್ಷೆಯಿದ್ದ ವಾರ ಪಕ್ಕದ ಸೀಟಿಗೆ ನನ್ನನ್ನು ಕರೆಯುತ್ತಾರೆ. ಬಿಗುಮಾನವೆಲ್ಲ ಬಿಟ್ಟು ಓಡುತ್ತೇನೆ.