ನಾಲ್ಕು ಅಂದಾಗ ಕೂಗುವ ಹಸು

ನನಗೆ ಸಿಟ್ಟು ಬೇಗ ಬರುತ್ತೆ. ಊರೋರಿಗೆಲ್ಲ ಗೊತ್ತಿರೋ ವಿಷಯ, ನನ್ನ ಗಂಡನಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಆವತ್ತು ಬಾಗೂರಿನ ಡೈರಿ ಮುಂದೆ ಬಂತಲ್ಲ, ಅಂಥ ಸಿಟ್ಟು ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ನೆಂಟರ ಮನೆಯ ಬೀಗರೂಟಕ್ಕೆ ಅಂತ ನಾನೂ ಅವ್ವನೂ ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಬಾಗೂರಿಗೆ ಹೋಗಿದ್ವಿ. ಮುದ್ದೆ, ಬಾಡಿನ ಸಾರು ಎಲ್ಲ ಗಡದ್ದಾಗಿ ಆಯ್ತು. ಅವ್ವ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಸವರ್ತಿದ್ಲು. ಪಕ್ಕದ ಕಟ್ಟಡವೇ ಹಾಲಿನ ಡೈರಿ. ಸಂಜೆ ಹಾಲು ಹಾಕೋ ಹೊತ್ತು, ಹೆಂಗಸರು ಕ್ಯಾನು ಹಿಡ್ಕೊಂಡು ಸಾಲಾಗಿ ನಿಂತಿದ್ರು. ಕಿಟಕಿಯಿಂದ ಒಂದು ಹೆಣ್ಣು ದನಿ ಕೇಳಿಸ್ತು. "ನಾಲ್ಕು" ಅಂತು. ಅದರ ಬೆನ್ನಿಗೇ ಒಂದು ಹಸು "ಅಂಬಾ" ಅಂತು. ಆಮೇಲೆ "ಪಾಯಿಂಟ್ ಎರಡು" ಅಂತು ಅದೇ ಹೆಣ್ಣು.

ಅವ್ವನ ಕೈ ಎಲೆ ಮೇಲೆ ಹಾಗೇ ನಿಂತುಹೋಯ್ತು.

"ಲೇ, ಅದು ನಾನಲ್ವೇನೇ?"

"ನೀನೇ ಕಣವ್ವ."

"ಇಂದ್ಗಡೆ ಕೂಗಿದ್ದು ನಮ್ಮ ಕೆಂದಸ ಅಲ್ವಾ?"

"ಊಂ."

ಕೆಂದ ಹಸು ಸತ್ತು ಅಷ್ಟೊತ್ತಿಗೆ ವರ್ಷದ ಮೇಲಾಗಿತ್ತು. ಅವ್ವ ಎಲೆ ಕೆಳಗಿಟ್ಟು ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. ನಾನು ಎದ್ದು ಡೈರಿಯೊಳಕ್ಕೆ ಹೋದೆ.

ಈಗ ಇದರ ಹಿಂದಿನ ಕತೆ ಹೇಳ್ಬೇಕು. ನಂದು ಹೊಳೆನರಸೀಪುರದಲ್ಲಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿ. ಟೈಪಿಂಗು, ಜೆರಾಕ್ಸು, ಅರ್ಜಿ ತುಂಬೋದು, ಕೆಟ್ಟ ಕಂಪ್ಯೂಟರ್ ರಿಪೇರಿ. ಹಾಸನದಲ್ಲಿ ಪಾಲಿಟೆಕ್ನಿಕ್ ಓದುವಾಗ ಪ್ರೋಗ್ರಾಂ ಬರೆಯೋ ಹುಚ್ಚು ಹತ್ತಿತ್ತು, ಅದು ಬಿಟ್ಟಿಲ್ಲ. ನಮ್ಮೂರ ಡೈರಿಯಲ್ಲಿ ಹಾಲು ಅಳೆದರೆ ಲೀಟರು, ಫ್ಯಾಟು ಎಲ್ಲ ಪರದೆ ಮೇಲೆ ಬರ್ತಿತ್ತು, ಚೀಟೀನೂ ಬರ್ತಿತ್ತು. ಆದರೆ ಹಾಲು ಹಾಕೋ ಹೆಂಗಸರಲ್ಲಿ ಅರ್ಧಕ್ಕರ್ಧ ಜನಕ್ಕೆ ಓದೋಕೆ ಬರಲ್ಲ. ಅವ್ವನಿಗೂ ಬರಲ್ಲ. ಯಾರೋ ಏನೋ ಹೇಳಿದ್ದನ್ನ ನಂಬಿಕೊಂಡು ಬರ್ಬೇಕು. ಅದಕ್ಕೇ ನಾನು ಒಂದು ಪ್ರೋಗ್ರಾಂ ಬರೆದೆ. ತಕ್ಕಡಿ, ಹಾಲಿನ ಜಿಡ್ಡು ನೋಡೋ ಟೆಸ್ಟರ್ ಯಂತ್ರ ಎರಡೂ ಕೊಡೋ ಲೆಕ್ಕವನ್ನ ಅದು ಕನ್ನಡದಲ್ಲಿ ಗಟ್ಟಿಯಾಗಿ ಕೂಗಿ ಹೇಳ್ತಿತ್ತು.

ದನಿ ಅವ್ವಂದು. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕೂರಿಸಿ, ಫೋನ್ ಮುಂದಿಟ್ಟು, ಸೊನ್ನೆಯಿಂದ ಶುರು ಮಾಡಿಸಿದೆ. ಅವ್ವ "ನಾಲ್ಕು" ಅಂತಿದ್ದ ಹಾಗೆ ಗೋಡೆಯಾಚೆಯಿಂದ ಕೆಂದ ಹಸು ಕೂಗ್ತು. ಹಾಲು ಕರೆಯೋ ಹೊತ್ತಲ್ಲಿ ಅವ್ವನ ದನಿ ಕೇಳಿದ್ರೆ ಅದು ಸುಮ್ನಿರ್ತಿರಲಿಲ್ಲ. ಇನ್ನೊಂದ್ಸಲ ಹೇಳವ್ವ ಅಂದ್ರೆ, "ನಂಗೇನು ಬ್ಯಾರೆ ಕೆಲ್ಸ ಇಲ್ವಾ, ಓಗೇ" ಅಂತ ಮುಂದಿನ ಸಂಖ್ಯೆಗೆ ಹೋದ್ಲು.

ಈ ದನಿಗಳನ್ನ ಕತ್ತರಿಸಿ ಒಂದಕ್ಕೊಂದು ಕೂಡೋ ಹಾಗೆ ಮಾಡಿಕೊಟ್ಟವರು ರುದ್ರಪಟ್ಟಣದ ಒಬ್ಬ ಪಿಟೀಲಿನ ಮೇಷ್ಟ್ರು. ಕಂಪ್ಯೂಟರಿನಲ್ಲಿ ತಮ್ಮ ಪಾಠಗಳನ್ನ ರೆಕಾರ್ಡ್ ಮಾಡ್ಕೊಳ್ತಿದ್ರು, ನನ್ನ ಅಂಗಡಿಗೆ ರಿಪೇರಿಗೆ ಬಂದಾಗ ಪರಿಚಯ. ನಾಲ್ಕರಲ್ಲಿರೋ ಹಸೂನ ತೆಗೆದುಬಿಡಿ ಸಾರ್ ಅಂದೆ. ಇನ್ನೊಂದ್ಸಲ ಕಿವಿಗೊಟ್ಟು ಕೇಳಿ, "ಇರಲಿ ಬಿಡಮ್ಮ, ಹಸು ಶ್ರುತಿಯಲ್ಲೇ ಇದೆ" ಅಂದ್ರು. ಹಾಗಾಗಿ ಹಸು ಉಳೀತು. ಚೀಟಿ ಕನ್ನಡದಲ್ಲಿ ಬರೋ ಭಾಗವನ್ನ ಮಲ್ಲಿಪಟ್ಟಣದಲ್ಲಿ ಹಿಂಡಿ, ಬೂಸಾ ಮಾರೋನೊಬ್ಬ ಬರೆದ. ಅವನಿಗೂ ನನ್ನ ಹಾಗೇ ಹುಚ್ಚು.

ಇದನ್ನೆಲ್ಲ ನಾವು ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ವಿ. ಓಪನ್ ಸೋರ್ಸ್ ಅಂತಾರಲ್ಲ, ಅದು. ಅಂದ್ರೆ ಪ್ರೋಗ್ರಾಮಿನ ಒಳಗಿನ ಬರಹವೇ ಎಲ್ಲರಿಗೂ ಕಾಣೋ ಹಾಗೆ. ಜೊತೆಗೊಂದು ಲೈಸೆನ್ಸು. ಅದನ್ನ ಆರಿಸಿದವಳು ನಾನೇ. ಯಾರು ಬೇಕಾದ್ರೂ ತಗೊಳ್ಳಿ, ಬಳಸಿ, ಬದಲಾಯಿಸಿ, ಬೇಕಾದ್ರೆ ದುಡ್ಡಿಗೆ ಮಾರ್ಕೊಳ್ಳಿ. ಆದರೆ ನೀವು ಯಾರ ಕೈಗೆ ಕೊಡ್ತೀರೋ ಅವರಿಗೂ ಒಳಗಿನ ಬರಹ ಸಿಗಬೇಕು, ನೀವು ಸೇರಿಸಿದ್ದೂ ಸಿಗಬೇಕು, ನಿಮಗಿದ್ದ ಹಕ್ಕೆಲ್ಲ ಅವರಿಗೂ ಇರಬೇಕು. ಬರೆದೋರ ಹೆಸರು ಅಳಿಸೋ ಹಾಗಿಲ್ಲ. ಮಲ್ಲಿಪಟ್ಟಣದೋನು "ಇದ್ಯಾವ ಸೀಮೆ ಲೈಸೆನ್ಸು ಕಣಕ್ಕ?" ಅಂದಾಗ, ಮುಯ್ಯಾಳು ಇದ್ದಂಗೆ ಕಣಪ್ಪ ಅಂದಿದ್ದೆ. ನಾಟಿಗೆ ನಿಮ್ಮ ಗದ್ದೆಗೆ ನಾವು ಬತ್ತೀವಿ, ನಮ್ಮ ಗದ್ದೆಗೆ ನೀವು ಬನ್ನಿ. ಕೂಲಿ ಇಲ್ಲ, ಆದ್ರೆ ಬಂದ ಆಳಿಗೆ ಆಳು ಕಳಿಸಲೇಬೇಕು. ಕಳಿಸದೆ ಬಾಗಿಲು ಹಾಕ್ಕೊಂಡು ಕೂತೋನ ಮನೆಗೆ ಮುಂದಿನ ಸಲ ಯಾರೂ ಹೋಗಲ್ಲ.

ಬಾಗೂರಿನ ಡೈರಿಯಲ್ಲಿ ಇದ್ದದ್ದು ಬೆಂಗಳೂರಿನ ಒಂದು ಕಂಪನಿಯ ಹೊಸ ಪೆಟ್ಟಿಗೆ. ತಕ್ಕಡಿ, ಟೆಸ್ಟರ್, ಪರದೆ ಎಲ್ಲ ಒಂದರಲ್ಲೇ. ಅಂದವಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಪರದೆ ಕೆಳಗೆ "ಎಲ್ಲ ಹಕ್ಕುಗಳೂ ನಮ್ಮವು" ಅಂತ ಕಂಪನಿ ಹೆಸರು. ನಮ್ಮ ಹೆಸರು ಎಲ್ಲೂ ಇಲ್ಲ. ಚೀಟಿಯಲ್ಲಿ ಒಂದಕ್ಷರ ಬದಲಾಯಿಸಬೇಕಾದ್ರೂ ಕಂಪನಿಗೇ ಫೋನ್ ಮಾಡ್ಬೇಕಂತೆ. ನನ್ನ ಪಿತ್ತ ನೆತ್ತಿಗೇರಿತು. ಮಾರಿದ್ದಕ್ಕಲ್ಲ. ಮಾರ್ಕೊಳ್ಳಲಿ, ಬೇಡ ಅಂದೋರ್ಯಾರು? ಎಲ್ಲರಿಗೂ ಅಂತ ಬಿಚ್ಚಿಟ್ಟಿದ್ದನ್ನ ಒಳಗಿಟ್ಟು ಬೀಗ ಜಡಿದಿದ್ರಲ್ಲ, ಅದಕ್ಕೆ.

ಊರಿಗೆ ಬಂದು ಕಂಪನಿಗೆ ಮೇಲ್ ಬರೆದೆ. ನನ್ನ ಮಟ್ಟಿಗೆ ಮರ್ಯಾದೆಯಾಗೇ ಬರೆದಿದ್ದೆ. ನಮ್ಮದನ್ನ ಬಳಸಿದ್ದು ಸಂತೋಷ, ಲೈಸೆನ್ಸಿನ ಪ್ರಕಾರ ಒಳಗಿನ ಬರಹವನ್ನ ಕೊಂಡವರಿಗೆ ಕೊಡಿ, ಜೊತೆಗೂಡಿ ಕೆಲಸ ಮಾಡೋಣ ಅಂತ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಅದಕ್ಕೂ ಇಲ್ಲ.

ಬಂದಿದ್ದು ಅವರ ಸೇಲ್ಸ್‌ನೋನು, ಅದೂ ನಮ್ಮೂರ ಡೈರಿಗೇ! ಸೆಕ್ರೆಟರಿ ನಮ್ಮ ಕೇರಿಯ ಹುಡುಗಿ, ಮದುವೆಯಾಗಿ ಮಗು ಆದಮೇಲೆ ಹಟ ಮಾಡಿ ಈ ಕೆಲಸಕ್ಕೆ ಸೇರ್ಕೊಂಡಿದ್ಲು. ಅವಳಿಗೆ ಆ ಆಸಾಮಿ ಹೇಳಿದ್ದೇನು ಗೊತ್ತಾ? ನೀವು ಬಳಸ್ತಿರೋದು ನಮ್ಮ ಸಾಫ್ಟ್‌ವೇರಿನ ಕದ್ದ ಕಾಪಿ. ತೆಗೆದು ನಮ್ಮ ಪೆಟ್ಟಿಗೆ ಹಾಕಿಸಿಕೊಳ್ಳಿ, ಇಲ್ಲದಿದ್ರೆ ಸೆಕ್ರೆಟರಿ ಮೇಲೇ ಕೇಸು.

ಅವಳು ಕಂಪ್ಯೂಟರಿನ ವಯರು ಕಿತ್ತು, ಅದರ ಮೇಲೊಂದು ಟವಲು ಹೊದಿಸಿ, ನನ್ನ ಅಂಗಡಿಗೆ ಬಂದ್ಲು. ಮುಖ ಬಾಡಿಹೋಗಿತ್ತು.

"ಅಕ್ಕ, ನೀನೇನೂ ಅನ್ಕಬ್ಯಾಡ. ಕೇಸು ಗೀಸು ಅಂದ್ರೆ ನಮ್ಮನೇಲಿ ಕೆಲ್ಸ ಬುಟ್ಬುಡು ಅಂತಾರೆ. ಕಾಯ್ತಾ ಕೂತವ್ರೆ ಅದ್ಕೇಯ."

"ಕದ್ದಿರೋರು ಅವ್ರು ಕಣೇ!"

"ನಂಗೊತ್ತು. ಅವ್ರು ಕೋಟು ಹಾಕ್ಕೊಂಡವ್ರೆ, ನಾವು ಹಾಕ್ಕೊಂಡಿಲ್ಲ. ಯಾರ್ ಮಾತು ನಡೀತದೆ ಏಳು."

ಮಾರನೇ ದಿನದಿಂದ ನಮ್ಮ ಡೈರಿ ಮೂಕ ಆಯ್ತು. ಹೆಂಗಸರು ಕ್ಯಾನು ಸುರಿದು, "ಎಷ್ಟವ್ವ ಬಂತು?" ಅಂತ ಮತ್ತೆ ಕೇಳೋ ಹಾಗಾಯ್ತು. ಅವ್ವ ಮನೆಗೆ ಬಂದು ಖಾಲಿ ಕ್ಯಾನನ್ನ ಕುಕ್ಕಿದ್ಲು. ನಮ್ಮೂರಲ್ಲಿ ಕುಳಿತು ನಾವು ಬರೆದದ್ದನ್ನ ನಮ್ಮೂರಿಂದಲೇ ಓಡಿಸ್ತಾರೆ ಅಂದ್ರೆ ನಾನು ಬಳೆ ತೊಟ್ಟು ಸುಮ್ನೆ ಕೂರೋಳಲ್ಲ. ಬಳೆ ತೊಟ್ಟಿದ್ದೀನಿ, ಸುಮ್ನೆ ಕೂರೋಳಲ್ಲ ಅಂತ ಓದ್ಕೊಳ್ಳಿ.

ಅದೇ ತಿಂಗಳು ಕಂಪನಿಯೋರು ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಡೈರಿ ಸೆಕ್ರೆಟರಿಗಳನ್ನೆಲ್ಲ ಕರೆಸಿ ಯಂತ್ರ ತೋರಿಸೋ ಕಾರ್ಯಕ್ರಮ ಇಟ್ಟುಕೊಂಡಿದ್ರು. ನಮ್ಮ ಸೆಕ್ರೆಟರಿಗೂ ಕರೆ ಬಂದಿತ್ತು. "ನೀನು ಓಗು, ಇಂದೆ ನಾವು ಬತ್ತೀವಿ" ಅಂದ್ಲು ಅವ್ವ. ಕಾರ್ಯಕ್ರಮದ ದಿನ ಬೆಳಗ್ಗೆ ನಾನೇ ಅಳೆದು, ನಾಲ್ಕು ಲೀಟರಿಗೆ ಒಂದು ಗುಟುಕು ಜಾಸ್ತಿ ಹಾಲನ್ನ ಕ್ಯಾನಿಗೆ ಹಾಕ್ಕೊಂಡೆ. ಬಸ್ಸಲ್ಲಿ ಕಂಡಕ್ಟರು ನೋಡಿ, "ಏನಮ್ಮಾ, ಆಸನದಾಗೆ ಆಲು ಸಿಗಾಕಿಲ್ವಾ?" ಅಂದ. "ಸಿಕ್ತದೆ ಕಣಪ್ಪ, ನಾಕು ಲೀಟ್ರು ಕಮ್ಮಿ ಬಿದ್ದೈತಂತೆ" ಅಂದ್ಲು ಅವ್ವ.

ಮಂಟಪದಲ್ಲಿ ಉಪ್ಪಿಟ್ಟು, ಕೇಸರಿಬಾತು, ದೊಡ್ಡ ಪರದೆ. ಕಂಪನಿಯ ಮ್ಯಾನೇಜರು ಚೆನ್ನಾಗೇ ಮಾತಾಡಿದ್ರು. ರೈತ, ತಂತ್ರಜ್ಞಾನ, ನಮ್ಮ ಸ್ವಂತ ಸಂಶೋಧನೆ. ಸ್ವಂತ ಅಂದಾಗ ಅವ್ವ ನನ್ನ ತೊಡೆ ಚಿವುಟಿದ್ಲು. ಕೊನೆಗೆ "ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ" ಅಂದ್ರು. ನಾನು ಕ್ಯಾನು ತಗೊಂಡು ಎದ್ದೆ.

"ಸಾರ್, ಮಾತು ಸಾಕು. ಈ ಹಾಲು ಅಳೆದು ತೋರಿಸಿ."

ಅವರಿಗೆ ಖುಷಿಯೇ ಆಯ್ತು. ಮೈಕನ್ನ ಯಂತ್ರದ ಹತ್ರ ಹಿಡಿದ್ರು, ಎಲ್ಲರಿಗೂ ಕೇಳಿಸಲಿ ಅಂತ. ನಾನು ಹಾಲು ಸುರಿದೆ.

"ನಾಲ್ಕು" ಅಂತು ಯಂತ್ರ. ಹಿಂದೆಯೇ ಮಂಟಪದ ತುಂಬ "ಅಂಬಾ!"

ಸಭೆ ಗೊಳ್ಳಂತ ನಕ್ಕಿತು. ಮ್ಯಾನೇಜರು ಕೆಂಪಾಗಿ, "ಅದು ಸ್ವಲ್ಪ ಟೆಕ್ನಿಕಲ್ ನಾಯ್ಸು, ಸರಿ ಮಾಡ್ತೀವಿ" ಅಂದ್ರು.

"ನಾಯ್ಸಲ್ಲ ಸಾರ್, ನಮ್ಮ ಹಸು" ಅಂದೆ.

ಅಷ್ಟರಲ್ಲಿ ಅವ್ವ ಕುರ್ಚಿ ಹಿಡ್ಕೊಂಡು ಎದ್ದು ನಿಂತಳು. ಸೆರಗು ಸರಿಮಾಡ್ಕೊಂಡು, ಒಂದು, ಎರಡು, ಮೂರು, ನಾಲ್ಕು ಅಂತ ಹೇಳಿದ್ಲು. ಅದೇ ದನಿ, ಅದೇ ಎಳೆತ. ನಗ್ತಿದ್ದೋರೆಲ್ಲ ಅವ್ವನ ಕಡೆ ತಿರುಗಿದ್ರು.

"ಅಸ ಸತ್ತೋಯ್ತು ಸಾ. ಇಲ್ದಿದ್ರೆ ಅದ್ನೂ ಇಡ್ಕಂಬತ್ತಿದ್ದೆ" ಅಂದ್ಲು.

ಆಮೇಲೆ ನಾನು ಮಾತಾಡಿದೆ. ಲೈಸೆನ್ಸು ಏನು ಹೇಳುತ್ತೆ, ಯಾರ್ಯಾರು ಬರೆದ್ವಿ, ನಮ್ಮ ಡೈರಿಗೆ ಬಂದು ಇವರೋನು ಏನಂದ, ಎಲ್ಲ. ಮ್ಯಾನೇಜರು "ಬನ್ನಿ ಮೇಡಂ, ಒಳಗೆ ಕೂತು ಮಾತಾಡೋಣ" ಅಂತ ವಧುವಿನ ಕೋಣೆಗೆ ಕರ್ಕೊಂಡು ಹೋದ್ರು. ಅಲ್ಲಿ ಬೆಣ್ಣೆ ಹಚ್ಚೋಕೆ ಶುರು. ನಿಮ್ಮಂಥೋರು ಹಳ್ಳಿಯಲ್ಲಿರೋದೇ ಹೆಮ್ಮೆ, ನೀವು ಹೇಳಿದಷ್ಟು ಕೊಡ್ತೀವಿ, ಪ್ರೋಗ್ರಾಮನ್ನ ನಮಗೇ ಬರೆದುಕೊಟ್ಟುಬಿಡಿ, ಇಂಟರ್ನೆಟ್ಟಿಂದ ತೆಗೆದುಬಿಡಿ.

"ಬರೆದುಕೊಡೋಕೆ ಅದು ನನ್ನೊಬ್ಬಳದಲ್ಲ ಸಾರ್. ರುದ್ರಪಟ್ಟಣದ ಮೇಷ್ಟ್ರು ಬೇಡ ಅಂದ್ರೆ ಇಲ್ಲ, ಮಲ್ಲಿಪಟ್ಟಣದೋನು ಬೇಡ ಅಂದ್ರೆ ಇಲ್ಲ. ಅವರು ಹೂಂ ಅಂದ್ರೂ ನಾನು ಬೇಡ ಅಂತೀನಿ" ಅಂದೆ. "ನಿಮಗಿರೋದು ಎರಡೇ ದಾರಿ. ನಮ್ಮದು ಇಟ್ಕೊಳ್ಳಿ, ಕೊಂಡೋರಿಗೆಲ್ಲ ಒಳಗಿನ ಬರಹ ಕೊಡಿ. ಇಲ್ಲಾ ನಮ್ಮದನ್ನ ಪೂರ್ತಿ ತೆಗೆದು ನಿಮ್ಮದೇ ಬರೆದುಕೊಳ್ಳಿ, ನಿಮ್ಮ ಅಮ್ಮನ ಕೈಲೇ ಸಂಖ್ಯೆ ಹೇಳಿಸಿ. ಯಾವುದಾದ್ರೂ ಆಗಲಿ, ನಮ್ಮದು ಕದ್ದ ಮಾಲಲ್ಲ ಅಂತ ಈಗ ಹೊರಗೆ ಹೋಗಿ ಹೇಳಿ."

"ಲೀಗಲ್ ಟೀಮನ್ನ ಕೇಳ್ಬೇಕು ಮೇಡಂ."

"ಕೇಳಿ. ನಾವು ಹೊರಗೇ ಕೂತಿರ್ತೀವಿ, ಊಟ ಹಾಕ್ತೀರಲ್ಲ."

ಫೋನಲ್ಲಿ ಏನು ಮಾತಾಡಿದ್ರೋ ಗೊತ್ತಿಲ್ಲ. ಊಟಕ್ಕೆ ಮುಂಚೆ ವೇದಿಕೆಗೆ ಬಂದು, ಹೊಳೆನರಸೀಪುರದ ಕಡೆಯ ಡೈರಿ ಬಳಸ್ತಿರೋದು ಕಾನೂನುಬದ್ಧವಾಗೇ ಇದೆ ಅಂತ ಗೊಣಗಿದ್ರು. "ಮೈಕಲ್ಲಿ ಏಳಿ ಸಾ, ಇಂದ್ಗಡೆ ಕೇಳ್ನಿಲ್ಲ!" ಅಂತ ಒಂದು ದನಿ. ತಿರುಗಿ ನೋಡಿದ್ರೆ ನಮ್ಮ ಸೆಕ್ರೆಟರಿ! ಎದ್ದು ನಿಂತಿದ್ಲು ಪುಣ್ಯಾತ್ಗಿತ್ತಿ. ಮ್ಯಾನೇಜರು ಮೈಕಲ್ಲಿ ಹೇಳಿದ್ರು.

ಅವತ್ತು ಸಂಜೆ ಹಾಲಿಗೇ ಅವಳು ಟವಲು ತೆಗೆದು ವಯರು ಚುಚ್ಚಿದ್ಲು. ಕೆಲಸವನ್ನ ಇವತ್ತಿಗೂ ಬಿಟ್ಟಿಲ್ಲ.

ಕಂಪನಿ ಒಳಗಿನ ಬರಹವನ್ನ ಬಿಚ್ಚಿಡೋಕೆ ಇನ್ನೂ ಕೆಲವು ತಿಂಗಳು ಎಳೆದಾಡ್ತು. ಕೊನೆಗೆ ಬಿಚ್ಚಿಡ್ತು, ನಮ್ಮ ಹೆಸರುಗಳ ಸಮೇತ. ಅವರ ಕಡೆಯ ಒಬ್ಬ ಇಂಜಿನಿಯರ್ ಈಗ ನಮ್ಮ ಜೊತೆ ಸೇರಿಕೊಂಡು ಬರೀತಾನೆ. ಒಳ್ಳೆ ಕೆಲಸಗಾರ. ಹಾಲು ಅಳೀತಿರೋವಾಗಲೇ ಕರೆಂಟು ಹೋದ್ರೆ ಲೆಕ್ಕ ಕಳೆದುಹೋಗ್ತಿತ್ತು, ನಾವು ಎಷ್ಟು ಒದ್ದಾಡಿದ್ರೂ ಸರಿ ಹೋಗಿರಲಿಲ್ಲ. ಅವನು ಸರಿ ಮಾಡಿ ಕಳಿಸಿದ. ಅದನ್ನ ನಾನು ಎರಡೂ ಕೈಯಲ್ಲಿ ತಗೊಂಡೆ. ಆಳಿಗೆ ಆಳು ಬಂದಂಗಾಯ್ತು ಅಂತ ಮಲ್ಲಿಪಟ್ಟಣದೋನು ಕುಣಿದಾಡಿದ.

ಅದರ ಬೆನ್ನಿಗೇ ಆ ಇಂಜಿನಿಯರ್ ಇನ್ನೊಂದು ಕಳಿಸಿದ್ದ. ಹೊಸ "ನಾಲ್ಕು". ಹಿಂದಿನ ಗದ್ದಲ ತೆಗೆದಿದ್ದೀನಿ, ಒಪ್ಕೊಳ್ಳಿ ಅಂತ ಕೆಳಗೆ ಬರೆದಿದ್ದ. ಅಂಗಡಿಯಲ್ಲಿ ಹಾಕಿ ಕೇಳಿದೆ. ಎಷ್ಟು ಸ್ವಚ್ಛವಾಗಿತ್ತು ಅಂದ್ರೆ, ಕೊಟ್ಟಿಗೆಯೂ ಇಲ್ಲ, ಗೋಡೆಯೂ ಇಲ್ಲ. ಅವ್ವ ಮೂಲೆಯಲ್ಲಿ ಕೂತಿದ್ಲು.

"ಯಾರೇ ಅದು ಮಾತಾಡಿದ್ದು?"

"ನೀನೇ ಕಣವ್ವ."

"ನಾನಲ್ಲ" ಅಂದ್ಲು ಅವ್ವ. "ನಾನು ನಾಕು ಅಂದಾಗ ಅವ್ಳೂ ಅಂದಿದ್ಲು."

ಪರದೆ ಮೇಲೆ "ಒಪ್ಪಿಲ್ಲ" ಅನ್ನೋ ಬಟನ್ ಒತ್ತಿದೆ. ಕಾರಣ ಬರೆಯೋ ಜಾಗದಲ್ಲಿ, ಅದು ಗದ್ದಲ ಅಲ್ಲ, ಬರೆದವರಲ್ಲಿ ಅವಳೂ ಒಬ್ಬಳು, ಹೆಸರು ಅಳಿಸೋ ಹಾಗಿಲ್ಲ ಅಂತ ಬರೆದೆ.